ಹತ್ತೊಂಬತ್ತನೆಯ ಚೌಕ

ಇವತ್ತಿನ ತನ್ನ ಫೋಟೋ ಪ್ರದರ್ಶನಕ್ಕೆ ಅಕ್ಕ ಕನ್ನಡಕ ತರುತ್ತಾಳೋ ಇಲ್ಲವೋ ಎಂಬುದೊಂದೇ ಬೆಳಿಗ್ಗೆಯಿಂದ ಅವನ ತಲೆ ತಿನ್ನುತ್ತಿತ್ತು. ತರದಿದ್ದರೆ ಬಚಾವು. ಅಕ್ಕ ಮೊದಲೇ ಮರೆವಿನವಳು. ಕನ್ನಡಕವನ್ನು ಬಸ್ಸಿನಲ್ಲಿ ಬಿಟ್ಟು ಬಂದವಳು, ಫ್ರಿಜ್ಜಿನೊಳಗಿಟ್ಟು ಎರಡು ದಿನ ಮನೆಯೆಲ್ಲ ಜಾಲಾಡಿದವಳು, ಹಣೆಯ ಮೇಲೇರಿಸಿಕೊಂಡೇ 'ಎಲ್ಲೋ ನನ್ನ ಕನ್ನಡಕ' ಎಂದು ಅವನನ್ನು ಗದರಿದವಳು. ಕನ್ನಡಕವಿಲ್ಲದಿದ್ದರೆ ಅವಳಿಗೆ ಗ್ಯಾಲರಿಯ ಗೋಡೆ ಕಾಣುತ್ತದೆ, ಗೋಡೆಯ ಮೇಲೆ ತನ್ನದೇ ದೊಡ್ಡ ಫೋಟೋ ಕಾಣುತ್ತದೆ, ಲೋಟ ಹಿಡಿದು ನಗುವ ಜನ ಕಾಣುತ್ತಾರೆ. ಗಾಜಿನ ಪೆಟ್ಟಿಗೆಯೊಳಗಿನ ಪುಸ್ತಕದಗಲದ ಕಾಗದದ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಗೀಚಿದ ಒಂದು ಸಾಲು ಮಾತ್ರ ಕಾಣುವುದಿಲ್ಲ. ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತ ಅವನು ಇದನ್ನೇ ಕೂಡಿಸಿ ಕಳೆಯುತ್ತಿದ್ದ. ಐವತ್ತು ದಾಟಿದ ಗಂಡಸು, ಪರದೇಶದಲ್ಲಿ ಕ್ಯಾಮೆರಾ ಹಿಡಿದು ನಾಲ್ಕು ಜನ ಹೆಸರು ಹೇಳುವಂತೆ ಆದವನು, ಒಬ್ಬ ಮುದುಕಿಯ ಮರೆವನ್ನು ನೆಚ್ಚಿಕೊಂಡು ನಿಂತಿದ್ದೇನಲ್ಲ, ಥೂ ಎಂದುಕೊಂಡ. ಕೆನ್ನೆಯ ಮೇಲೆ ಒಂದೇ ಜಾಗದಲ್ಲಿ ಐದಾರು ಸಲ ಬ್ಲೇಡು ಎಳೆದಿದ್ದನೆಂದು ಕಾಣುತ್ತದೆ, ಬಾಗಿಲಲ್ಲಿ ನಿಂತ ಹೆಂಡತಿ 'ಸಾಕು' ಎಂದಳು. ಅವಳು ಈ ದೇಶದವಳು. ಅವನ ಭಾಷೆಯಲ್ಲಿ ಅವಳಿಗೆ ಬರುವುದು ಮೂರೇ ಮಾತು: ಬಾ, ಸಾಕು, ಆಮೇಲೆ. ಸಂಸಾರಕ್ಕೆ ಇಷ್ಟು ಧಾರಾಳ ಎಂದು ಅಕ್ಕ ನಗುತ್ತಿದ್ದಳು.

ಅಕ್ಕನೇನು ಒಡಹುಟ್ಟಿದವಳಲ್ಲ. ಈ ಊರಿಗೆ ಬಂದ ಹೊಸದರಲ್ಲಿ ಅವನಿಗೆ ಬಾಯಿಯೇ ಇರಲಿಲ್ಲ. ಅಂಗಡಿಯಲ್ಲಿ ಬೆರಳು ತೋರಿಸಬೇಕು, ಬಸ್ಸಿನಲ್ಲಿ ಚೀಟಿ ತೋರಿಸಬೇಕು, ಯಾರಾದರೂ ಏನಾದರೂ ಕೇಳಿದರೆ ಹಲ್ಲು ಕಿರಿಯಬೇಕು. ಬಾಯಿಲ್ಲದವನಿಗೆ ಕ್ಯಾಮೆರಾವೇ ಬಾಯಿಯಾಯಿತು. ಅವನು ಮೊದಲು ಕಲಿತದ್ದು ಕಾಣದ ಹಾಗೆ ನಿಲ್ಲುವುದನ್ನು. ಪರದೇಶಿಯನ್ನು ಯಾರೂ ತಿರುಗಿ ನೋಡುವುದಿಲ್ಲ, ಅದೇ ಅವನ ಬಂಡವಾಳ. ರಸ್ತೆ ಗುಡಿಸುವವರು, ಮೂಟೆ ಇಳಿಸುವವರು, ಕಿಟಕಿಯ ಗಾಜು ಒರೆಸುವವರು, ತನ್ನ ಹಾಗೆಯೇ ಬಂದು ಬಾಯಿ ಕಳೆದುಕೊಂಡವರನ್ನೆಲ್ಲ ಅವನು ತೆಗೆಯುತ್ತ ಹೋದ. ಹಾಗೆ ಹೋಗಿ ಇಳಿದದ್ದು ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಗೆ. ಹಬೆ, ಗುಡುಗುಡು ತಿರುಗುವ ಯಂತ್ರಗಳು, ಆಳೆತ್ತರ ಬಿಳಿ ಹೊದಿಕೆಗಳ ರಾಶಿ, ಅವನ್ನು ಸಾಗಿಸುವ ಕಬ್ಬಿಣದ ಗಾಡಿಗಳು. ಮೊದಲ ದಿನವೇ ಕೊಳವೆಗೆ ತಲೆ ಬಡಿದು ಅವನು 'ಅಯ್ಯೋ ಅಮ್ಮಾ' ಎಂದದ್ದೇ ತಡ, ರಾಶಿಯ ಹಿಂದಿನಿಂದ ಒಂದು ದನಿ ಬಂತು: "ಯಾವೂರೋ ತಮ್ಮಾ ನಿಂದು? ತಲೆ ಒಡೀತೋ, ಕೊಳವೆ ಒಡೀತೋ?" ಎರಡು ವರ್ಷದಲ್ಲಿ ಮೊದಲನೇ ಸಲ ಒಬ್ಬರು ಅವನನ್ನು ಅವನ ಭಾಷೆಯಲ್ಲಿ ತಮಾಷೆ ಮಾಡಿದ್ದರು. ಅವನಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ಆವತ್ತಿನಿಂದ ಅವಳು ಅಕ್ಕ. ಯಾವಾಗಲೂ ಒಂದು ಕಣ್ಣು ಮುಚ್ಚಿಕೊಂಡೇ ಇರುತ್ತಾನೆಂದು ಅವಳು ಅವನಿಗಿಟ್ಟ ಹೆಸರು ಒಕ್ಕಣ್ಣ. ತನ್ನ ಬುತ್ತಿಯಲ್ಲಿ ಅರ್ಧ ಅವನಿಗೆ ತೆಗೆದಿಟ್ಟು, ತಿನ್ನದಿದ್ದರೆ ಹೆತ್ತವಳ ಹಾಗೆ ಬೈಯುತ್ತಿದ್ದಳು.

ಮೂರು ತಿಂಗಳು ಪ್ರತಿ ಗುರುವಾರ ಅವನು ಅಲ್ಲಿಗೆ ಹೋದ. ಹನ್ನೆರಡನೆಯದೋ ಹದಿಮೂರನೆಯದೋ ಗುರುವಾರ, ಗೋಡೆಗೆ ತೂಗುಹಾಕಿದ ಫೋನು ಹೊಡೆದುಕೊಂಡಿತು. ಮೇಲ್ವಿಚಾರಕಿ ಎತ್ತಿ ಅಕ್ಕನನ್ನು ಕರೆದಳು. ಅಕ್ಕ ಒದ್ದೆ ಕೈ ಸೊಂಟಕ್ಕೆ ಒರೆಸಿಕೊಂಡು 'ಹೇಳಿ' ಎಂದಳು, ಆಮೇಲೆ 'ಯಾವಾಗ' ಎಂದಳು, ಆಮೇಲೆ ಫೋನು ಇಟ್ಟಳು. ಊರಿನಲ್ಲಿ ಅವಳ ತಾಯಿ ತೀರಿಕೊಂಡಿದ್ದಳು. ಹೋಗುವ ಹಾಗಿರಲಿಲ್ಲ, ಇಲ್ಲಿಯ ಕಾಗದಪತ್ರ ಇನ್ನೂ ಕೈಗೆ ಬಂದಿರಲಿಲ್ಲ, ದೇಶ ಬಿಟ್ಟರೆ ಮತ್ತೆ ಒಳಗೆ ಬರಲಾಗದು. ಅಕ್ಕ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊದಿಕೆಗಳ ರಾಶಿಯ ಮೇಲೆ ಕುಸಿದು, ಒಂದು ಹೊದಿಕೆಯನ್ನು ಮುಖಕ್ಕೆ ಒತ್ತಿಕೊಂಡಳು. ಎತ್ತರದ ಕಿಟಕಿಯಿಂದ ಬೆಳಕು ನೇರ ಅವಳ ಮೇಲೆ ಬೀಳುತ್ತಿತ್ತು. ಆಗ ತೆಗೆದ ಫೋಟೋದಿಂದಲೇ ಅವನು ಮೇಲೆ ಬಂದದ್ದು. ಬಿಳಿ ರಾಶಿ, ಮುಖವಿಲ್ಲದ ಹೆಂಗಸು, ಮುಂದಕ್ಕೆ ಚಾಚಿದ ಒಂದು ಬರಿಗೈ. ಆ ಕೈಯ ಬಗ್ಗೆ ಬಲ್ಲವರು ಪುಟಗಟ್ಟಲೆ ಬರೆದರು: ಆಕಾಶವನ್ನು ಕೇಳುವ ಕೈ, ಬಿಟ್ಟುಬಂದ ನೆಲವನ್ನು ತಡಕುವ ಕೈ. ಅವನಿಗೂ ಅದೇನು ಕೈಯೆಂದು ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ಫೋಟೋವೇ ಮಾತಾಡಲಿ ಎನ್ನುತ್ತಿದ್ದ.

ಮಾತಾಡುತ್ತಿದ್ದವಳು ಅಕ್ಕ. ಅವನು ಕೊಟ್ಟ ಪ್ರತಿಯನ್ನು ಅವಳು ತನ್ನ ಮನೆಯ ಬಾಗಿಲೆದುರೇ ಹಾಕಿಕೊಂಡಿದ್ದಳು. ಬಂದವರಿಗೆಲ್ಲ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೇಳುವಳು: "ನನ್ನ ತಮ್ಮ ತೆಗೆದಿದ್ದು. ಒಂದೇ ಒಂದು ಸಲ ಕ್ಲಿಕ್ ಅಂತು, ಅದೂ ಕೈ ತಪ್ಪಿ. ನಾನು ಅಳ್ತಿದೀನಿ ಅಂತ ಗೊತ್ತಾಗಿದ್ದೇ ಓಡಿ ಬಂದು ಹಿಡ್ಕೊಂಡ ನೋಡಿ." ವರ್ಷ ಕಳೆದಂತೆ ಕಥೆಗೆ ಕೈಕಾಲು ಬಂದವು. ಕ್ಯಾಮೆರಾ ಕೆಳಗಿಟ್ಟ ಎಂದಿದ್ದದ್ದು ಕ್ಯಾಮೆರಾ ಎಸೆದ ಎಂದಾಯಿತು. ಎಸೆದ ರಭಸಕ್ಕೆ ಗಾಜು ಒಡೆದು ಚೂರಾಯಿತು ಎಂದಾಯಿತು. "ಅವನ ಅನ್ನದ ಗಾಜು ಕಣ್ರೀ ಅದು!" ಎಂದು ಅಕ್ಕ ಅವನ ಬೆನ್ನು ಸವರುವಳು. ಅವನು ತಲೆ ತಗ್ಗಿಸುವನು. ಎಷ್ಟು ವಿನಯ ಎಂದು ಜನ ತಲೆದೂಗುವರು. ನಿಜ ಹೇಳಬೇಕೆಂದು ಮೊದಮೊದಲು ಗಂಟಲವರೆಗೆ ಬಂದದ್ದುಂಟು; ಆದರೆ ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಇವತ್ತು ಬೇಡ ಎನ್ನುತ್ತ ಎನ್ನುತ್ತ ಇಪ್ಪತ್ತನಾಲ್ಕು ವರ್ಷ ಹೋಯಿತು. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಅಂತಾರೆ. ಆದರೆ ಆ ಸಾವಿರ ವರ್ಷವೂ ಬಗ್ಗಿಕೊಂಡೇ ಇರಬೇಕಾಗುತ್ತದೆಂದು ಯಾರೂ ಹೇಳುವುದಿಲ್ಲ.

ಎರಡಕ್ಕೆ ಗ್ಯಾಲರಿ ಮುಟ್ಟಿದಾಗ ಬಾಗಿಲ ಕಾವಲಿನವನು ಅವನ ಹೆಗಲ ಚೀಲ, ಮಾಸಿದ ಬೂಟು ನೋಡಿ, "ದೀಪ ಸರಿ ಮಾಡೋಕಾ? ಹಿಂದಿನ ಬಾಗಿಲು" ಎಂದ. ಬಾಗಿಲ ಪಕ್ಕದಲ್ಲೇ ಅವನ ಮುಖ ಅಚ್ಚು ಹಾಕಿದ ಹಾಳೆ ಅಂಟಿಸಿತ್ತು. ಅದನ್ನು ತೋರಿಸಬಹುದಿತ್ತು. ಆದರೆ ಅವನ ಕಾಲು ಆಗಲೇ ಹಿಂದಿನ ಬಾಗಿಲ ಕಡೆ ತಿರುಗಿತ್ತು. ಇಷ್ಟು ವರ್ಷವಾದರೂ ಈ ಊರಿನಲ್ಲಿ ಯಾರಾದರೂ ಕೈ ತೋರಿಸಿದರೆ ಅವನ ಕಾಲು ಕೇಳುತ್ತದೆ. ಒಳಗೆ ಹೋಗುತ್ತ ಮಾಡಿಕೊಂಡಿದ್ದ ಯೋಚನೆ ಇಷ್ಟೇ: ಹೇಗಾದರೂ ಆ ಗಾಜಿನ ಪೆಟ್ಟಿಗೆಯೊಳಗಿನ ಕಾಗದವನ್ನು ತೆಗೆಸಬೇಕು. ಅದು ಗ್ಯಾಲರಿಗೆ ಸಿಕ್ಕಿದ್ದು ಅವನ ತಪ್ಪಿನಿಂದಲೇ. ಪ್ರದರ್ಶನಕ್ಕೆಂದು ಗ್ಯಾಲರಿಯ ಒಡತಿ ಹಳೆಯ ಸಾಮಾನು ಕೇಳಿದಾಗ, ಒಳಗೇನಿದೆಯೆಂದು ನೋಡದೆ ನೆಗೆಟಿವ್‌ಗಳ ಪೆಟ್ಟಿಗೆಯನ್ನೇ ಎತ್ತಿ ಕೊಟ್ಟಿದ್ದ. ಅದರಲ್ಲಿತ್ತು ಆ ಗುರುವಾರದ ಕಾಂಟ್ಯಾಕ್ಟ್ ಶೀಟು. ಒಂದು ಸುರುಳಿಯ ಮೂವತ್ತಾರು ಫೋಟೋಗಳನ್ನೂ ಅಂಚೆಚೀಟಿಯಷ್ಟು ಚಿಕ್ಕದಾಗಿ ಸಾಲಾಗಿ ಒಂದೇ ಕಾಗದದ ಮೇಲೆ ಅಚ್ಚು ಹಾಕಿಕೊಂಡು, ಯಾವುದು ಬೇಕು ಯಾವುದು ಬೇಡ ಎಂದು ಆರಿಸುವುದು ಈ ಕಸುಬಿನವರ ಪದ್ಧತಿ. ಹೊರಗಿನವರು ನೋಡುವುದು ಆರಿಸಿದ ಒಂದನ್ನು. ಕಾಂಟ್ಯಾಕ್ಟ್ ಶೀಟಿನಲ್ಲಿ ಮಾತ್ರ ಹಿಂದುಮುಂದೆಲ್ಲ ಇರುತ್ತದೆ, ಯಾವ ಕ್ಷಣದಲ್ಲಿ ಎಲ್ಲಿ ನಿಂತಿದ್ದೆ ಎಂಬುದೂ. ಮೂರು ವಾರದ ಹಿಂದೆ ಒಡತಿ ಫೋನು ಮಾಡಿ, "ಅಂಚಿನಲ್ಲಿ ಕೆಂಪಗೆ ನಿಮ್ಮ ಭಾಷೆಯಲ್ಲಿ ಏನೋ ಬರೆದಿದೆಯಲ್ಲ, ಎಷ್ಟು ಚೆನ್ನಾಗಿದೆ ಆ ಲಿಪಿ, ಬಳ್ಳಿ ಹಬ್ಬಿದ ಹಾಗೆ! ಏನದು?" ಎಂದು ಕೇಳಿದ್ದಳು. ಅವನ ಬಾಯಿಂದ ತಾನಾಗಿ ಬಂದಿತ್ತು: "ಬೆಳಕು ಚೆನ್ನಾಗಿದೆ."

"ಬಂದಿರಾ! ಒಂದು ಗುಟ್ಟು ಇಟ್ಟುಕೊಂಡಿದ್ದೆ, ಕಣ್ಣು ಮುಚ್ಚಿ ಬನ್ನಿ" ಎಂದು ಒಡತಿ ಅವನ ತೋಳು ಹಿಡಿದು ಒಳಕೋಣೆಗೆ ನಡೆಸಿದಳು. ಕಣ್ಣು ಬಿಟ್ಟ. ಗಾಜಿನ ಪೆಟ್ಟಿಗೆಯಿಲ್ಲ, ಪುಸ್ತಕದಗಲದ ಕಾಗದವೂ ಇಲ್ಲ. ಕಾಂಟ್ಯಾಕ್ಟ್ ಶೀಟನ್ನು ಹಿಗ್ಗಿಸಿ, ನೆಲದಿಂದ ಸೂರಿನವರೆಗೆ, ಗೋಡೆ ತುಂಬ ಅಂಟಿಸಿದ್ದರು. ಒಂದೊಂದು ಚೌಕವೂ ಕಿಟಕಿಯಷ್ಟು. ಕೆಂಪು ಅಕ್ಷರಗಳು ಅವನ ಅಂಗೈಯಗಲ. ಮೊಳೆ ಹೊಡೆಯುವವನು ಏಣಿಯ ಮೇಲೆ ನಿಂತು ಕೊನೆಯ ಮೂಲೆ ಒತ್ತುತ್ತಿದ್ದ. ಇದಕ್ಕೆ ಕನ್ನಡಕ ಯಾಕೆ ಬೇಕು, ರಸ್ತೆಯಾಚೆಯಿಂದಲೂ ಓದಬಹುದು.

ಹನ್ನೆರಡನೆಯ ಚೌಕದಿಂದ ಇಪ್ಪತ್ತೆರಡನೆಯ ಚೌಕದವರೆಗೆ ಹನ್ನೊಂದು. ಒಂದಲ್ಲ, ಹನ್ನೊಂದು. ಹನ್ನೆರಡರಲ್ಲಿ ಅಕ್ಕ ದೂರದಲ್ಲಿ ಕುಸಿಯುತ್ತಿದ್ದಾಳೆ. ಹದಿಮೂರರಲ್ಲಿ ಹತ್ತಿರ. ಹದಿನಾಲ್ಕು ಎಡಗಡೆಯಿಂದ. ಹದಿನೈದರಲ್ಲಿ ಅವನು ಮಂಡಿಯೂರಿದ್ದಾನೆ, ನೆಲ ಮೇಲೆದ್ದಿರುವುದರಿಂದ ಗೊತ್ತಾಗುತ್ತದೆ. ಹದಿನೇಳರವರೆಗೆ ಪ್ರತಿಯೊಂದರಲ್ಲೂ ಅವಳ ಮೊಣಕಾಲಿಗೆ ಅಡ್ಡವಾಗಿ ಕಬ್ಬಿಣದ ಗಾಡಿ ನಿಂತಿದೆ. ಹದಿನೆಂಟರಲ್ಲಿ ಗಾಡಿಯಿಲ್ಲ. ಹತ್ತೊಂಬತ್ತರಲ್ಲಿ ಆ ಕೈ. ಅದರ ಸುತ್ತ ಕೆಂಪು ಗೆರೆ, ಪಕ್ಕದಲ್ಲಿ ಇಪ್ಪತ್ತೆಂಟು ವರ್ಷದ ಪೋರನ ಹಿಗ್ಗಿನ ಕೈಬರಹ: 'ಗಾಡಿ ಎಳೆದದ್ದು ಒಳ್ಳೆಯದಾಯ್ತು. ಕೈ ಅದ್ಭುತ!' ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡರಲ್ಲಿ ಕೈ ಮೆಲ್ಲಗೆ ಕೆಳಗಿಳಿಯುತ್ತದೆ. ಇಪ್ಪತ್ತಮೂರು ಬರೀ ಕಪ್ಪು. ಕ್ಯಾಮೆರಾವನ್ನು ಕೆಳಗೆ, ಮೆತ್ತಗೆ, ಮಡಿಸಿದ ಬಟ್ಟೆಯ ಮೇಲೆ ಇಡುವಾಗ ಗುಂಡಿ ಒತ್ತಿಹೋದದ್ದು. ಆಮೇಲೆ ಹೋಗಿ ಅವಳನ್ನು ಹಿಡಿದುಕೊಂಡು ಅವನೂ ಅತ್ತಿದ್ದ. ಆ ಅಳು ಸುಳ್ಳಲ್ಲ. ಇಷ್ಟು ವರ್ಷ ಅವನು ಅದನ್ನೇ ಹಿಡಿದುಕೊಂಡು ನೇತಾಡುತ್ತಿದ್ದ: ಅತ್ತದ್ದು ಸುಳ್ಳಲ್ಲವಲ್ಲ.

ಗೋಡೆಯ ಕೆಳಗೆ ದಪ್ಪ ದಪ್ಪ ಅಕ್ಷರದ ಚೀಟಿ ಅಂಟಿಸಿತ್ತು, ಈ ದೇಶದ ಭಾಷೆಯಲ್ಲಿ: 'ಅಂಚಿನ ಬರಹ, ಛಾಯಾಗ್ರಾಹಕರ ತಾಯ್ನುಡಿಯಲ್ಲಿ: ಬೆಳಕು ಚೆನ್ನಾಗಿದೆ.' ಬಾಯಿ ತಪ್ಪಿ ಆಡಿದ ಸುಳ್ಳು ಅಚ್ಚಾಗಿ ಬಂದು ಕೂತಿತ್ತು. ಅಕ್ಕ ಈ ಊರಿನ ಅಕ್ಷರಗಳನ್ನೂ ಕೂಡಿಸಿಕೊಂಡು ಓದುತ್ತಾಳೆ, ಸೋಪಿನ ಡಬ್ಬಿಗಳಿಂದ ಕಲಿತದ್ದು. ಮೇಲಿನದನ್ನೂ ಓದುತ್ತಾಳೆ, ಕೆಳಗಿನದನ್ನೂ ಓದುತ್ತಾಳೆ. ಅಂದು ಮಾಡಿದ್ದು ಹುಡುಗುಬುದ್ಧಿ ಎನ್ನಬಹುದು, ಮೊನ್ನೆ ಮಾಡಿದ್ದಕ್ಕೆ ಏನೆನ್ನುವುದು?

"ಇದು ಬೇಡ" ಎಂದ. "ನೆಗೆಟಿವ್ ಗೀರಿದೆ. ಕಸುಬಿನವರು ನಗುತ್ತಾರೆ."

"ಗೀರೇ ಇದರ ಜೀವ" ಎಂದಳು ಒಡತಿ. "ಜನ ಈಗ ಮುಗಿದ ಫೋಟೋ ಕೇಳೋದಿಲ್ಲ, ಅದು ಹೇಗಾಯಿತು ಅಂತ ಕೇಳ್ತಾರೆ."

"ಅಕ್ಷರದ ಭಾಗ ಮಾತ್ರವಾದರೂ..."

"ಅಯ್ಯೋ, ಅದನ್ನು ತೆಗೆದರೆ ಗೋಡೆ ಬೋಳು ಬೋಳು." ಅವಳು ಅವನನ್ನು ದಿಟ್ಟಿಸಿದಳು. "ನಿಮಗೆ ಹುಷಾರಿಲ್ಲವಾ? ಬೆವರುತ್ತಿದ್ದೀರಿ."

ಅವನು ಮೆಟ್ಟಿಲ ಕೆಳಗಿನ ಸಂದಿಗೆ ಹೋಗಿ ಅಕ್ಕನಿಗೆ ಫೋನು ಹಚ್ಚಿದ. "ಅಕ್ಕಾ, ಇಲ್ಲಿ ಮೆಟ್ಟಿಲು ಬಹಳ ಇವೆ. ನಿನ್ನ ಮಂಡಿ ನೋವಲ್ಲಿ..."

"ನೋವು ಮಂಡಿಗೆ ಕಣೋ, ನನಗೇನಾಗಿದೆ?"

"ಲಿಫ್ಟೂ ಕೆಟ್ಟಿದೆ." ಲಿಫ್ಟು ಅವನ ಎದುರಿಗೇ ಬಾಗಿಲು ತೆರೆದುಕೊಂಡು ನಿಂತಿತ್ತು.

"ನೀನಿದೀಯಲ್ಲ, ಎತ್ಕೊಂಡು ಹೋಗು. ಆವತ್ತು ಎತ್ತಲಿಲ್ವಾ?"

"ನಾಳೆ ಬಾರೇ ಅಕ್ಕ. ನಾನೇ ಬಂದು ಕರ್ಕೊಂಡು ಬರ್ತೀನಿ, ನಿಧಾನಕ್ಕೆ ನೋಡ್ಬಹುದು. ಇವತ್ತು ಬರೀ ಗದ್ದಲ."

"ನಾಳೆ ಬಂದ್ರೆ ಕಥೆ ಯಾರಿಗೋ ಹೇಳ್ಲಿ, ಗೋಡೆಗಾ? ಆ ಗ್ಯಾಲರಿ ಯಮ್ಮ ನನ್ನ ಕೈಲಿ ಮಾತಾಡಿಸ್ತೀನಿ ಅಂದಿದಾಳೆ. ಹೊಸ ಚಪ್ಪಲಿ ಹಾಕ್ಕೊಂಡಾಯ್ತು, ಕಚ್ತಾನೂ ಇದೆ. ಇಡು ಫೋನು, ಬಸ್ ಬಂತು."

ಊಟ ಸೇರಲಿಲ್ಲ. ಗ್ಯಾಲರಿಯ ಸುತ್ತಲಿನ ನಾಲ್ಕು ಬೀದಿಗಳನ್ನು ಎರಡು ಸಲ ಸುತ್ತಿದ. ಒಂದು ಅಂಗಡಿಯ ಗಾಜಿನಲ್ಲಿ ತನ್ನನ್ನೇ ನೋಡಿ, ಯಾರೋ ತನ್ನ ಫೋಟೋ ತೆಗೆಯುತ್ತಿದ್ದಾರೆಂದು ಬೆಚ್ಚಿದ. ಓದಿದರೆ ಓದಲಿ, ನೀರಿಗಿಳಿದ ಮೇಲೆ ಚಳಿಯೇನು ಎಂದುಕೊಂಡ. ಮರುಗಳಿಗೆಗೆ ಅಕ್ಕನ ಮುಖ ಕಣ್ಣಿಗೆ ಬಂತು. ಅವಳು ಬೈದರೆ ತಡೆದುಕೊಳ್ಳಬಹುದು. ಕೆನ್ನೆಗೆರಡು ಹೊಡೆದರೂ ಸರಿಯೆ. ಏನೂ ಅನ್ನದೆ ಮನೆಗೆ ಹೋಗಿ ಬಾಗಿಲೆದುರಿನ ಫೋಟೋ ಇಳಿಸಿಬಿಟ್ಟರೆ? ಈ ಊರಿನಲ್ಲಿ ಅವನನ್ನು 'ಏನೋ' ಎಂದು ಕರೆಯುವವಳು ಅವಳೊಬ್ಬಳು. ಅವಳು 'ಏನ್ರೀ' ಎಂದುಬಿಟ್ಟರೆ ಮುಗಿಯಿತು, ಆಮೇಲೆ ಅವನು ಇಲ್ಲಿ ಯಾರಿಗೂ ಯಾರೂ ಅಲ್ಲ.

ಮೂರೂಮುಕ್ಕಾಲಿಗೆ ಜನ ಸೇರತೊಡಗಿದರು. ಬಾಗಿಲ ಬಳಿ ಲೋಟಗಳನ್ನೂ ಹಣ್ಣಿನ ರಸದ ಜಗ್ಗುಗಳನ್ನೂ ಜೋಡಿಸಿದ, ಬಿಳಿ ಬಟ್ಟೆ ಇಳಿಬಿಟ್ಟ ಎತ್ತರದ ತಳ್ಳುಗಾಡಿಯೊಂದು ನಿಂತಿತ್ತು. ಅದನ್ನು ಕಂಡದ್ದೇ ಅವನಿಗೆ ಹೊಳೆಯಿತು. ಹತ್ತೊಂಬತ್ತನೆಯ ಚೌಕ ಇದ್ದದ್ದು ಗೋಡೆಯ ನಡುಸಾಲಿನಲ್ಲಿ, ಸರಿಯಾಗಿ ಎದೆಮಟ್ಟಕ್ಕೆ. ಗಾಡಿಯನ್ನು ತಂದು ಅದರೆದುರು ನಿಲ್ಲಿಸಿ, ಜಗ್ಗುಗಳನ್ನು ಒತ್ತೊತ್ತಿಗೆ ಇಟ್ಟರೆ ಬರಹ ಮುಚ್ಚುತ್ತದೆ. ಚೀಟಿಯೂ ಮುಚ್ಚುತ್ತದೆ. ಅತ್ತಿತ್ತ ನೋಡಿ ಹಿಡಿಗೆ ಕೈಹಾಕಿ ಎಳೆದ. ಲೋಟಗಳು ಗಲಗಲ ಎಂದವು, ಒಂದು ಚಕ್ರ ಕಿರ್ರೋ ಎಂದಿತು. ಒಳಕೋಣೆಯವರೆಗೆ ಎಳೆದು, ಗೋಡೆಗೆ ಒತ್ತಿ, ಒಂದು ಜಗ್ಗನ್ನು ಬೆರಳಷ್ಟು ಬಲಕ್ಕೆ ಸರಿಸುತ್ತಿದ್ದಾಗ ಹಿಂದಿನಿಂದ ದನಿ ಕೇಳಿತು.

"ಇನ್ನೂ ಗಾಡಿ ಎಳೆಯೋ ಚಾಳಿ ಬಿಟ್ಟಿಲ್ವೇನೋ ಒಕ್ಕಣ್ಣ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಇಸ್ತ್ರಿ ಮಾಡಿದ ಬಟ್ಟೆ, ಕಚ್ಚುವ ಹೊಸ ಚಪ್ಪಲಿ. ಕಣ್ಣಿಗೆ ಕನ್ನಡಕವಿರಲಿಲ್ಲ.

"ಕನ್ನಡಕ..." ಎಂದ, ಬೇರೇನೂ ತೋಚದೆ.

"ಮರೆತು ಬಂದೆ." ಅವಳು ಕುಂಟುತ್ತ ಬಂದು ಗಾಡಿಯನ್ನು ಒಂದು ಕೈಯಲ್ಲಿ ಆಚೆ ದೂಡಿದಳು, ಮೂವತ್ತು ವರ್ಷ ಗಾಡಿ ದೂಡಿದ ಕೈ, ಅದಕ್ಕೆ ಇದು ಯಾವ ಲೆಕ್ಕ. ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಕೆಂಪು ಸಾಲನ್ನು ತುಟಿಯಲ್ಲೇ ಓದಿದಳು. ಬಗ್ಗಿ ಚೀಟಿಯನ್ನು ಅಕ್ಷರ ಅಕ್ಷರ ಕೂಡಿಸಿದಳು. "ಬೆಳಕು ಚೆನ್ನಾಗಿದೆಯಂತೆ" ಎಂದಳು.

"ಅಕ್ಕಾ, ಆವತ್ತು ನಾನು..."

"ಆವತ್ತೂ ನನಗೇನೂ ಕಾಣ್ತಿರ್ಲಿಲ್ಲ ಕಣೋ. ಮುಖಕ್ಕೆ ಬಟ್ಟೆ ಒತ್ಕೊಂಡಿದ್ದೆ. ಕಿವಿ ಮುಚ್ಕೊಂಡಿರ್ಲಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು. "ಟಕ್ ಟಕ್ ಅಂತ ಕೇಳ್ತಾನೇ ಇತ್ತು. ಆಮೇಲೆ ನನ್ನ ಗಾಡಿ ಕಿರ್ರ್ ಅಂತು. ನನ್ನ ಗಾಡಿ ಸದ್ದು ನನಗೆ ಗೊತ್ತಿಲ್ವಾ? ಓಹೋ, ಅಡ್ಡ ಇರೋದನ್ನ ಎಳೀತಿದಾನೆ, ನನ್ನ ಹತ್ರ ಬರೋಕೆ ದಾರಿ ಮಾಡ್ಕೊಳ್ತಿದಾನೆ ಅಂದ್ಕೊಂಡೆ. ಅದಕ್ಕೇ ಕೈ ಚಾಚ್ದೆ."

ಅವನು ಹತ್ತೊಂಬತ್ತನೆಯ ಚೌಕ ನೋಡಿದ. ಆಕಾಶವನ್ನು ಕೇಳುವ ಕೈ, ಬಿಟ್ಟುಬಂದ ನೆಲವನ್ನು ತಡಕುವ ಕೈ. ಅದು ಅವನ ಕಡೆಗೇ ಚಾಚಿತ್ತು. ಇಷ್ಟು ವರ್ಷ, ಅಷ್ಟು ಪುಸ್ತಕಗಳ ಹೊದಿಕೆಯ ಮೇಲೆ, ಅವನ ಕಡೆಗೇ. ಅದ್ಭುತ ಎಂದು ಬರೆದಿದ್ದ.

"ಮತ್ತೆ ಯಾಕೆ ಎಲ್ಲರ ಹತ್ರ ಹಾಗೆ ಹೇಳ್ತಿದ್ದೆ ಅಕ್ಕ?"

"ಮೊದಲನೇ ಸಲ ನಿನ್ನ ಮರ್ಯಾದೆ ಉಳೀಲಿ ಅಂತ. ಹುಡುಗ, ನನ್ನೋನು. ಆಮೇಲೆ, 'ಹಂಗಲ್ಲ ಅಕ್ಕ' ಅಂತ ನೀನೇ ಅಂತೀಯೇನೋ ಅಂತ ಕಾದೆ. ಕ್ಯಾಮೆರಾ ಎಸೆದ ಅಂದೆ, ನೀನು ಸುಮ್ಮನಿದ್ದೆ. ಗಾಜು ಒಡೀತು ಅಂದೆ, ಅದಕ್ಕೂ ತಲೆ ತಗ್ಗಿಸ್ಕೊಂಡು ಕೂತೆ. ಇನ್ನೂ ಎಷ್ಟು ಸುಳ್ಳು ಹೇಳಿಸ್ತಿದ್ದೆಯೋ ನನ್ನ ಕೈಲಿ? ನಮ್ಮವ್ವ ಸತ್ತ ಕಥೆ ಅದು. ಅದರಲ್ಲಿ ಅವಳು ಎಲ್ಲೂ ಇಲ್ಲ, ಬರೀ ನೀನೇ."

ಆ ಹೊತ್ತಿಗೆ ಒಡತಿ ಜನರನ್ನು ಹಿಂದಿಟ್ಟುಕೊಂಡು ಒಳಗೆ ಬಂದಳು. ಅವನ ಹೆಂಡತಿಯೂ ಅವರ ನಡುವೆ ನಿಂತು ಕೈಬೀಸಿದಳು. ಮೂವತ್ತು ನಲವತ್ತು ಜನ, ಲೋಟ ಸಿಗದೆ ಬರಿಗೈಯಲ್ಲಿದ್ದರು. "ಇವರೇ ಆ ಫೋಟೋದಲ್ಲಿರುವವರು" ಎಂದು ಒಡತಿ ಅಕ್ಕನ ಹೆಗಲು ಬಳಸಿದಳು. "ಈ ಕೆಂಪು ಬರಹವನ್ನು ಇಲ್ಲಿರುವವರಲ್ಲಿ ಓದಬಲ್ಲವರು ಇಬ್ಬರೇ. ಇವರ ಬಾಯಲ್ಲೇ ಕೇಳೋಣ. ಏನು ಬರೆದಿದೆ, ಹೇಳಿ!"

ಅಕ್ಕ ಅವನನ್ನು ನೋಡಿದಳು. ಆಮೇಲೆ ತನ್ನ ಮುರುಕು ಮಾತಿನಲ್ಲಿ, ಆ ದೇಶದ ಭಾಷೆಯಲ್ಲಿ, "ಬರೆದವನು ಇದಾನೆ. ಅವನೇ ಹೇಳ್ತಾನೆ" ಎಂದಳು. ಗೋಡೆಯೆದುರಿನ ಬೆಂಚಿನ ಮೇಲೆ ಕೂತು, ಕಚ್ಚುತ್ತಿದ್ದ ಚಪ್ಪಲಿಗಳನ್ನು ಕಳಚಿಟ್ಟಳು.

ಅವನು ಗೋಡೆಗೆ ಬೆನ್ನು ಕೊಟ್ಟು ನಿಂತ. ಅಕ್ಕನನ್ನೊಬ್ಬಳನ್ನೇ ನೋಡುತ್ತ, ತಮ್ಮ ಭಾಷೆಯಲ್ಲಿ, "ಗಾಡಿ ಎಳೆದದ್ದು ಒಳ್ಳೆಯದಾಯ್ತು, ಕೈ ಅದ್ಭುತ" ಎಂದ. ಕೊನೆಯ ಮಾತು ಒಡೆದುಹೋಯಿತು. "ತಪ್ಪಾಯ್ತು ಅಕ್ಕ" ಎಂದ. ಅಪರಿಚಿತ ಭಾಷೆಯ ದನಿ ಕೇಳಿ ಜನರ ಮುಖವೆಲ್ಲ ಮೆತ್ತಗಾಯಿತು. ಹಿಂದೆ ಯಾರೋ ಚಪ್ಪಾಳೆ ಶುರು ಮಾಡಿದರು. ಒಡತಿ ಕಣ್ಣೊರೆಸಿಕೊಂಡಳು.

ಅಕ್ಕ ಕದಲಲಿಲ್ಲ. "ನನಗ್ಯಾಕೋ ಹೇಳ್ತೀಯ? ನನಗೆ ಗೊತ್ತಿರೋದೇ" ಎಂದಳು. "ಅವರ ಭಾಷೇಲಿ ಹೇಳು."

ಚಪ್ಪಾಳೆ ನಿಲ್ಲುವವರೆಗೆ ಅವನು ಕಾಯಬೇಕಾಯಿತು. ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಅಕ್ಕ ಮಂಡಿ ನೀವಿಕೊಳ್ಳುತ್ತ, ಹೊಸ ಕಥೆ ಕೇಳಲು ಬಂದವಳ ಹಾಗೆ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಆ ಚೀಟಿಯಲ್ಲಿರುವುದು ಸುಳ್ಳು" ಎಂದು ಅವನು ಅವರ ಭಾಷೆಯಲ್ಲಿ ಶುರು ಮಾಡಿದ.